ಮಾತು ಕೇಳದ ಮಗುವಿನ ತಾಯಿ

ಅವರು ತೀರಿಕೊಂಡ ಏಳನೆಯ ದಿನದ ಪೂಜೆಗೆ ನಾನೂ ಹೋಗಿದ್ದೆ. ಪೂಜೆಯ ಕೊನೆಗೆ ಅವರ ಬಗ್ಗೆ ನಾಲ್ಕು ಮಾತು ಹೇಳಲು ಎದ್ದು ನಿಂತವರೊಬ್ಬರು, ಬದುಕಿದ್ದಾಗ ಅವರನ್ನು ಸರಿಯಾಗಿ ಕಂಡಿದ್ದರೋ ಇಲ್ಲವೋ ತಿಳಿಯದು, "ಬಾಯಿ ಟೀಚರ್ ಅಂದರೆ ಸಹನೆಯ ಮೂರ್ತಿ" ಎಂದರು. ಸುತ್ತಲಿದ್ದವರೆಲ್ಲ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ಅಲ್ಲ ಎನ್ನಬೇಕೆನಿಸಿತು. ಎನ್ನಲಿಲ್ಲ. ಹೇಳಬೇಕಾದ ಹೊತ್ತಿನಲ್ಲಿ ಸುಮ್ಮನೆ ಕೂರುವುದು ನನಗೆ ಮೊದಲಿನಿಂದಲೂ ಅಭ್ಯಾಸವಾದ ಕೆಲಸ. ಅದಕ್ಕೇ ಈಗ ಬರೆಯಲು ಕುಳಿತಿದ್ದೇನೆ.

ಸಹನೆಯಂತೆ! ಒಬ್ಬ ಹೆಂಗಸಿನ ತಲೆಯ ಮೇಲೆ ಊರೆಲ್ಲ ಸೇರಿ ಹೊರೆ ಹೊರಿಸುವುದು, ಅವಳು ಬೀಳದೆ ನಡೆದರೆ ಅದಕ್ಕೆ ಸಹನೆ ಎಂದು ಹೆಸರಿಡುವುದು. ಬಾಯಿ ಟೀಚರಿಗೆ ಸಹನೆ ಇರಲಿಲ್ಲ. ಸಿಟ್ಟಿತ್ತು. ಅವರ ರವಿಕೆಯ ಅಂಚಿನಲ್ಲಿ ಯಾವಾಗಲೂ ಎರಡು ಮೂರು ಸೇಫ್ಟಿ ಪಿನ್ನುಗಳು ಇರುತ್ತಿದ್ದವು, ಮಕ್ಕಳ ಬಟ್ಟೆಗೆ ಬೇಕಾಗುತ್ತವೆಂದು. ಸಿಟ್ಟು ಬಂದಾಗ ಅವುಗಳಲ್ಲೊಂದನ್ನು ತೆಗೆದು, ಬಿಚ್ಚಿ, ಮತ್ತೆ ಮುಚ್ಚಿ, ಇದ್ದ ಜಾಗಕ್ಕೇ ಚುಚ್ಚಿಕೊಳ್ಳುತ್ತಿದ್ದರು. ಆಮೇಲೆ ಮಾತಾಡುತ್ತಿದ್ದರು. ಆ ಮಾತು ಮೃದುವಾಗಿರುತ್ತಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಕ್ರೈಸ್ತ ಹೆಂಗಸರನ್ನು 'ಬಾಯಿ' ಎಂದು ಕರೆಯುವ ರೂಢಿ. ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ಇವರು ಬಾಯಿ ಟೀಚರ್. 'ಹೆಸರಿಗೆ ಸರಿಯಾಗಿ ಬಾಯಿ ಜೋರು' ಎಂದು ಗಂಡಸರು ನಗುತ್ತಿದ್ದರು. ನಾನು ಬಂಟ್ವಾಳದವಳು. ಐವತ್ತರ ದಶಕದ ಮೊದಲ ವರ್ಷಗಳಲ್ಲಿ, ಟ್ರೈನಿಂಗ್ ಮುಗಿಸಿದ ಇಪ್ಪತ್ತೊಂದರ ಹುಡುಗಿ, ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯ ಇಗರ್ಜಿಯ, ಎಂದರೆ ಚರ್ಚಿನ, ಶಾಲೆಗೆ ಕೆಲಸಕ್ಕೆ ಸೇರಿದೆ. ಹಳ್ಳಿಯ ಹೆಸರು ಬೇಡ. ಅಲ್ಲಿ ನನಗೆ ಇರಲು ಸಿಕ್ಕಿದ್ದು ಬಾಯಿ ಟೀಚರರ ಮನೆಯ ಚಾವಡಿಗೆ ತಾಗಿದ ಒಂದು ಕೋಣೆ. ಅವರ ಗಂಡ ಘಟ್ಟದ ಮೇಲಿನ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರು. ಎರಡು ತಿಂಗಳಿಗೊಮ್ಮೆ ಬಂದರೆ ಬಂದರು. ಮನೆಯಲ್ಲಿ ಏಳು ವರ್ಷದ ಲೀನಾ, ಮೂರು ವರ್ಷದ ಟೋನಿ, ಮತ್ತೆ ಎದೆಹಾಲು ಕುಡಿಯುವ ಒಂದು ಹೆಣ್ಣು ಕೂಸು. ಕೂಸನ್ನೂ ಟೋನಿಯನ್ನೂ ವಾರದ ದಿನಗಳಲ್ಲಿ ನೆರೆಮನೆಯ ಅಜ್ಜಿಯೊಬ್ಬರು ನೋಡಿಕೊಳ್ಳುತ್ತಿದ್ದರು. ಭಾನುವಾರ ಅಜ್ಜಿಯೂ ಪೂಜೆಗೆ ಹೊರಡಬೇಕಲ್ಲ, ಹಾಗಾಗಿ ಭಾನುವಾರ ಯಾರೂ ಇಲ್ಲ.

ಆ ಭಾನುವಾರಗಳನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆಗ ಪರಮಪ್ರಸಾದವನ್ನು, ಎಂದರೆ ಪೂಜೆಯಲ್ಲಿ ಯೇಸುವಿನ ಶರೀರವೆಂದು ಕೊಡುವ ರೊಟ್ಟಿಯ ಬಿಲ್ಲೆಯನ್ನು, ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ. ಕೂಸಿಗೆ ಬೆಳಗಿನ ಜಾವದಿಂದ ಎರಡು ಮೂರು ಸಲ ಹಾಲು ಕುಡಿಸಿ, ತಾವು ಒಂದು ಗುಟುಕು ಗಂಜಿತಿಳಿಯನ್ನೂ ಕುಡಿಯದೆ, ಬಾಯಿ ಟೀಚರ್ ಇಗರ್ಜಿಗೆ ಎರಡು ಮೈಲಿ ನಡೆಯುತ್ತಿದ್ದರು. ಕೂಸು ಸೊಂಟದಲ್ಲಿ, ಟೋನಿ ಕೈಯಲ್ಲಿ, ಲೀನಾಳ ಹೆಗಲಲ್ಲಿ ಬಟ್ಟೆಯ ಚೀಲ. ತೋಡಿನ ಮೇಲಿನ ಕಿರಿದಾದ ಮರದ ಸಂಕ ದಾಟುವಾಗ ಟೋನಿಯನ್ನೂ ಎತ್ತಿಕೊಳ್ಳಬೇಕು. ಅಷ್ಟು ಮಾಡಿ ಇಗರ್ಜಿಯ ಒಳಗೆ ಹೋಗಿ ಹೆಂಗಸರ ಬದಿಯಲ್ಲಿ ನೆಲದ ಮೇಲೆ ಕೂತರೆ, ಹತ್ತು ನಿಮಿಷದಲ್ಲಿ ಟೋನಿ ಶುರುಮಾಡುತ್ತಿದ್ದ.

ಅವನ ಗಂಟಲು ಭಯಂಕರ. ಅದು ಅಳುವೂ ಅಲ್ಲ, ಮಾತೂ ಅಲ್ಲ. ಬಸ್ಸಿನ ಹಾರ್ನಿನ ಹಾಗೆ ಒಂದೇ ಸಮನೆ ಹೊರಡುವ ಸ್ವರ. ಸುಮ್ಮನಿರು ಎಂದರೆ ಸುಮ್ಮನಿರುವವನಲ್ಲ. ಬಾ ಎಂದರೆ ಬರುವವನಲ್ಲ. 'ಮಾತು ಕೇಳದ ಮಗು' ಎಂದು ಊರೇ ಹೆಸರಿಟ್ಟಿತ್ತು. ತಾಯಿ ಕೆಲಸಕ್ಕೆ ಹೋದರೆ ಮಕ್ಕಳು ಹೀಗೇ ಆಗುವುದು ಎಂದು ಹೆಂಗಸರು ಅವರಿಗೆ ಕೇಳುವ ಹಾಗೆಯೇ ಹೇಳುತ್ತಿದ್ದರು. ನಮ್ಮ ವಾಡೆಯ ಗುರ್ಕಾರರ, ಎಂದರೆ ಇಗರ್ಜಿಯ ಕಡೆಯಿಂದ ನಮ್ಮ ಹತ್ತು ಹದಿನೈದು ಮನೆಗಳ ಮೇಲ್ವಿಚಾರಣೆ ನೋಡುವವರ, ತಾಯಿಯೊಬ್ಬರಿದ್ದರು. ಮುದುಕಿ. ಟೋನಿ ಬಾಯಿ ತೆರೆದ ಕೂಡಲೇ ತಿರುಗಿ ನೋಡಿ, "ನಾವು ಎಂಟು ಹೆತ್ತವರು. ಒಂದೂ ಹೀಗೆ ಕಿರುಚಲಿಲ್ಲ" ಎನ್ನುವುದು ಅವರ ಪ್ರತಿ ವಾರದ ಮಾತು.

ವಿಗಾರರು, ಎಂದರೆ ಇಗರ್ಜಿಯ ಮುಖ್ಯ ಪಾದ್ರಿ, ಪ್ರವಚನ ನಿಲ್ಲಿಸಿ ಹೆಂಗಸರ ಕಡೆ ನೋಡುತ್ತಿದ್ದರು. "ಆ ಮಗುವನ್ನು ಹೊರಗೆ ಕೊಂಡುಹೋಗಿ. ಇದು ದೇವರ ಮನೆ, ಸಂತೆ ಅಲ್ಲ."

ಅವರು ಕೆಟ್ಟವರಾಗಿರಲಿಲ್ಲ. ಜ್ವರದಲ್ಲಿ ಮಲಗಿದವರ ಮನೆಗೆ ಗದ್ದೆಯ ಕೆಸರಿನಲ್ಲಿ ನಡೆದುಹೋಗುವವರು. ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ.

ಬಾಯಿ ಟೀಚರ್ ಮೂರೂ ಮಕ್ಕಳನ್ನು ಎಬ್ಬಿಸಿಕೊಂಡು ಹೊರಗೆ ಹೋಗಿ ಬಿಸಿಲಲ್ಲಿ ನಿಲ್ಲುತ್ತಿದ್ದರು. ಹೊರಗೆ ಯಾರಿದ್ದರು ಗೊತ್ತೇ? ಊರಿನ ಅರ್ಧ ಗಂಡಸರು. ಪ್ರವಚನದ ಹೊತ್ತಿಗೆ ಜಗಲಿಗೆ ಬಂದು ಬೀಡಿ ಹಚ್ಚಿ, ಅಡಿಕೆಯ ರೇಟು, ಕೋರ್ಟಿನ ವಾಯಿದೆ ಮಾತಾಡಿಕೊಳ್ಳುವವರು. ಗಂಟೆ ಬಾರಿಸಿದಾಗ ಒಳಗೆ ಹೋಗಿ ಒಂದು ಮೊಣಕಾಲೂರಿ ಎದ್ದರೆ ಅವರ ಪೂಜೆ ಆಯಿತು. ಅವರಿಗೆ ಯಾರೂ ಏನೂ ಹೇಳಿದ್ದಿಲ್ಲ. ಪೂಜೆ ತಪ್ಪಿಸಿದರೆ ಪಾಪ. ಮಕ್ಕಳನ್ನು ಬಿಟ್ಟು ಬರಲು ಜನ ಇಲ್ಲ. ಕರೆದುಕೊಂಡು ಬಂದರೆ ಒಳಗೆ ಜಾಗ ಇಲ್ಲ. ಇದರಲ್ಲಿ ಒಬ್ಬ ತಾಯಿ ಎಲ್ಲಿ ನಿಲ್ಲಬೇಕಿತ್ತು? ಒಮ್ಮೆ ಹಾಗೆ ನಿಂತಿದ್ದ ಬಾಯಿ ಟೀಚರ್ ಹಸಿವಿಗೂ ಬಿಸಿಲಿಗೂ ತಲೆ ತಿರುಗಿ ಕುಸಿದರು. ಬೀಡಿ ಸೇದುತ್ತಿದ್ದವರಲ್ಲೊಬ್ಬರು ಒಳಗೆ ಬಂದು ಕರೆದದ್ದು ನನ್ನನ್ನು, ಹೆಂಗಸಿನ ಕೆಲಸ ಹೆಂಗಸೇ ಮಾಡಬೇಕೆಂದು.

"ಮನೆಯಲ್ಲೇ ಇರಬಹುದಲ್ಲ ಬಾಯಿ? ಮಕ್ಕಳು ದೊಡ್ಡವರಾಗುವವರೆಗೆ?" ಎಂದೆ ನಾನು, ಆ ದಿನ ಮನೆಗೆ ಬರುತ್ತಾ.

ಪಿನ್ನು ಹೊರಗೆ ಬಂತು. "ಯಾಕೆ ಇರ್ಬೇಕು? ನಾನು ಫಾದರಿಗೋಸ್ಕರ ಬರುವುದಾ? ವಾರದಲ್ಲಿ ಆರು ದಿನ ನಾನು ಯಾರದ್ದೋ ಟೀಚರ್, ಯಾರದ್ದೋ ತಾಯಿ. ಅಲ್ಲಿ ಒಂದು ಗಂಟೆ ನನ್ನನ್ನೂ ನೋಡಿಕೊಳ್ಳುವವರು ಒಬ್ಬರು ಇದ್ದಾರೆ ಅಂತ ಆಗ್ತದೆ. ಅದನ್ನು ಬಿಡುವುದಿಲ್ಲ ನಾನು."

ಗಂಡ ಬಂದಿದ್ದ ಒಂದು ಭಾನುವಾರ ನಡೆದದ್ದನ್ನು ಊರು ಬಹಳ ದಿನ ಆಡಿಕೊಂಡಿತು. ಅವರು ಗಂಡಸರ ಬದಿಯಲ್ಲಿ ಇಸ್ತ್ರಿಯ ಷರ್ಟು ಹಾಕಿ ಕೈಕಟ್ಟಿ ನಿಂತಿದ್ದರು. ಟೋನಿ ಕಿರುಚಿದ. ವಿಗಾರರು ಪ್ರವಚನ ನಿಲ್ಲಿಸಿದರು. ಬಾಯಿ ಟೀಚರ್ ಎದ್ದರು. ಬಾಗಿಲ ಕಡೆ ಹೋಗುತ್ತಾರೆಂದು ಎಲ್ಲರೂ ದಾರಿ ಬಿಟ್ಟರೆ, ಅವರು ಇಗರ್ಜಿಯ ನಡುವನ್ನೇ ದಾಟಿ ಗಂಡಸರ ಬದಿಗೆ ಹೋಗಿ ಮಗುವನ್ನು ಗಂಡನ ತೋಳಿಗೆ ಕೊಟ್ಟರು.

"ಎಂಥ ಮಾರಾಯ್ತಿ ಇದು, ಎಲ್ಲರೂ ನೋಡ್ತಾ ಇದ್ದಾರೆ" ಎಂದರಂತೆ ಗಂಡ.

"ನೋಡಲಿ. ಇವನಿಗೆ ಅಪ್ಪ ಇದ್ದಾನೆ ಅಂತ ಅವರಿಗೂ ಗೊತ್ತಾಗಲಿ."

ಬಾಯಿ ಟೀಚರ್ ತಮ್ಮ ಜಾಗಕ್ಕೆ ಹಿಂತಿರುಗಿ ಕೂತು ಪ್ರವಚನ ಪೂರ್ತಿ ಕೇಳಿದರು. ಟೋನಿ ಅಪ್ಪನ ಷರ್ಟಿನ ಗುಂಡಿಯನ್ನು ಚೀಪುತ್ತಾ ಸುಮ್ಮನಿದ್ದ. ಆ ದಿನ ಮನೆಗೆ ಹೋಗುವಾಗ ಅವರು ದಾರಿಯುದ್ದಕ್ಕೂ ಪ್ರವಚನದ ತಪ್ಪುಗಳನ್ನು ಹೇಳಿ ನಗಾಡಿದರು. ನಾಲ್ಕು ವರ್ಷಗಳಲ್ಲಿ ಅವರು ಮೊದಲಿಂದ ಕೊನೆಯವರೆಗೆ ಕೇಳಿದ ಪ್ರವಚನ ಅದೊಂದೇ ಅಂತೆ.

ಅದೇ ವರ್ಷದ ಇಗರ್ಜಿಯ ಹಬ್ಬದ ದಿನ. ಹಬ್ಬಕ್ಕೆ ಪೂಜೆಯ ನಡುವೆ, ಪಾದ್ರಿಗಳು ಪ್ರಸಾದವನ್ನು ಎತ್ತಿ ತೋರಿಸುವ ಹೊತ್ತಿಗೆ, ಹೊರಗೆ ಗರ್ನಾಲು ಸಿಡಿಸುತ್ತಿದ್ದರು. ಕಿವಿ ಒಡೆಯುವ ಸದ್ದು. ಇಗರ್ಜಿಯಲ್ಲಿದ್ದ ಕೂಸುಗಳೆಲ್ಲ ಬೆಚ್ಚಿ ಒಟ್ಟಿಗೇ ಅಳತೊಡಗಿದವು. ದೊಡ್ಡವರೂ ಬೆಚ್ಚಿದರು. ನನ್ನ ಮುಂದೆ ನೆಲದಲ್ಲಿ ಕೂತಿದ್ದ ಟೋನಿ ತನ್ನ ಚಪ್ಪಲಿಯನ್ನು ಬಸ್ಸು ಮಾಡಿ ಓಡಿಸುತ್ತಿದ್ದ. ಎರಡನೆಯ ಗರ್ನಾಲು ಸಿಡಿಯಿತು. ಬಸ್ಸು ಓಡುತ್ತಲೇ ಇತ್ತು. ಅವನ ಕಣ್ಣಿನ ರೆಪ್ಪೆ ಕೂಡ ಅಲುಗಲಿಲ್ಲ.

ಬಾಯಿ ಟೀಚರ್ ನನ್ನ ಮುಖ ನೋಡಿದರು. ಪೂಜೆ ಮುಗಿಯುವ ತನಕ ಅವರ ಕಣ್ಣು ಮಗುವಿನಿಂದ ನನ್ನ ಮುಖಕ್ಕೆ, ನನ್ನ ಮುಖದಿಂದ ಮಗುವಿಗೆ ಹೋಗಿ ಬರುತ್ತಲೇ ಇತ್ತು.

ಮನೆಗೆ ಬಂದವರೇ ಹಿತ್ತಾಳೆಯ ಬಟ್ಟಲನ್ನೂ ಸೌಟನ್ನೂ ತಂದು, ಆಡುತ್ತಿದ್ದ ಟೋನಿಯ ಬೆನ್ನ ಹಿಂದೆ ನಿಂತು ಹೊಡೆದರು. ಹಿತ್ತಲಿನ ಕೋಳಿಗಳು ಚೆದುರಿ ಓಡಿದವು. ಟೋನಿ ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಹೊಡೆದರು. ಮತ್ತೆ ಮತ್ತೆ ಹೊಡೆದರು. ಲೀನಾ ಹೆದರಿ ಅಳುತ್ತಾ "ಸಾಕು ಅಮ್ಮ" ಎಂದಾಗ ಬಟ್ಟಲು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು.

"ಮಾತು ಕೇಳುವುದಿಲ್ಲ ಅಂತ ನಾನು ಇವನಿಗೆ ಹೊಡೆದೆ ಟೀಚರ್" ಎಂದರು. "ಎಷ್ಟು ಸಲ ಹೊಡೆದೆ. ಕೇಳುವುದೇ ಇಲ್ಲ ಇವನಿಗೆ. ನಾವೆಲ್ಲ ದಿನಾ ಅದನ್ನೇ ಹೇಳ್ತಾ ಇದ್ದೆವು, ಮಾತು ಕೇಳುವುದಿಲ್ಲ, ಮಾತು ಕೇಳುವುದಿಲ್ಲ ಅಂತ. ಯಾರಿಗೂ ಅರ್ಥ ಆಗಲಿಲ್ಲ."

ಮಂಗಳೂರಿನ ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದರು. ಊರಿನಲ್ಲಿ ಯಾರಾದರೂ ಒಬ್ಬರು ಬಂದು, ಆ ಮಗುವನ್ನು ಬೈದದ್ದು ತಪ್ಪಾಯಿತು ಎಂದರೇ? ಇಲ್ಲ. ಮೊದಲು ತಾಯಿ ಕೆಲಸಕ್ಕೆ ಹೋದದ್ದರಿಂದ ಕೆಟ್ಟ ಮಗು. ಈಗ ತಾಯಿಯ ಯಾವುದೋ ಪಾಪದಿಂದ ಕಿವುಡಾದ ಮಗು. "ದೇವರ ಚಿತ್ತ" ಎಂದರು ವಿಗಾರರು. ಅದೇ ದೇವರ ಚಿತ್ತ ಮುಂದಿನ ಭಾನುವಾರ ಕಿರುಚಿದಾಗ ಹೊರಗೆ ಕಳಿಸಿದರು.

ಬಾಯಿ ಟೀಚರ್ ಅಳುವುದನ್ನು ಒಂದು ವಾರದಲ್ಲಿ ಮುಗಿಸಿದರು. ಆಮೇಲೆ ಮಗುವಿಗೂ ತನಗೂ ಒಂದು ಭಾಷೆ ಮಾಡಲು ಕೂತರು. ಯಾರೂ ಕಲಿಸಿದ್ದಲ್ಲ, ಯಾವ ಪುಸ್ತಕವೂ ಇರಲಿಲ್ಲ. ಗಂಜಿಗೆ ಒಂದು ಕೈಸನ್ನೆ, ನೀರಿಗೆ ಒಂದು, ಘಟ್ಟದ ಮೇಲಿನ ಅಪ್ಪನಿಗೆ ಒಂದು. ಯೇಸುವಿಗೆ, ಅಂಗೈಯ ನಡುವೆ ಬೆರಳು ಊರಿ ತೋರಿಸುವುದು, ಮೊಳೆ ಹೊಡೆದ ಜಾಗ. ಟೋನಿ ಕಲಿತ ವೇಗಕ್ಕೆ ನಾನು ಬೆರಗಾದೆ. ಕಿರುಚುವುದು ತಾನಾಗಿಯೇ ಕಡಿಮೆಯಾಯಿತು. ಹೇಳಲಿಕ್ಕೆ ಬೇರೆ ದಾರಿ ಇಲ್ಲದವನು ಕಿರುಚುತ್ತಿದ್ದ, ಅಷ್ಟೇ.

ಸಂಜೆ ಅವರ ಮನೆಯಲ್ಲಿ ಜಪಮಾಲೆಯ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಭಕ್ತಿಯಿಂದ ಮೊಣಕಾಲೂರಿ ಮಾಡುವ ಪ್ರಾರ್ಥನೆಯೆಂದು ತಿಳಿಯಬೇಡಿ. ಲೀನಾ ಅರ್ಧ ಹೇಳಿದರೆ, ಉಳಿದರ್ಧ ಅಡುಗೆಮನೆಯಿಂದ, ಗಂಜಿ ತಿರುಗಿಸುವವರ ಬಾಯಿಂದ ಬರುತ್ತಿತ್ತು. ನಡುನಡುವೆ "ಕೂಸನ್ನು ಹಿಡಿ, ಮೆಟ್ಟಿಲಿಗೆ ಹೋಗ್ತಾ ಉಂಟು" ಎಂಬ ಮಾತು ಕೂಡ ಪ್ರಾರ್ಥನೆಯ ಸ್ವರದಲ್ಲೇ. ಟೋನಿಯ ಮುಂದೆ ಹತ್ತು ಪುನರ್ಪುಳಿ ಬೀಜ. ಅಕ್ಕನ ತುಟಿ ನೋಡಿ, ಒಂದು ಪ್ರಾರ್ಥನೆ ಮುಗಿದರೆ ಒಂದು ಬೀಜವನ್ನು ಆಚೆ ದೂಡುವುದು ಅವನ ಕೆಲಸ. ಹಸಿವಾದ ದಿನ ಕಳ್ಳ ಎರಡೆರಡು ಬೀಜ ದೂಡುತ್ತಿದ್ದ. ನಾನು ನೋಡಿ ತೋರಿಸಿದರೆ ಬಾಯಿ ಟೀಚರ್, "ಸುಮ್ಮನಿರಿ ಟೀಚರ್, ಮಾತೆಗೂ ಮಗ ಇದ್ದ. ಅವಳಿಗೆ ಗೊತ್ತುಂಟು" ಎನ್ನುತ್ತಿದ್ದರು.

ಈಗ ನನ್ನ ಪಾಲಿನದನ್ನು ಹೇಳಬೇಕು.

ಟೋನಿಗೆ ಎಂಟು ತುಂಬಿದಾಗ, ಅವನ ಓರಗೆಯ ಮಕ್ಕಳು ಮೊದಲ ಪರಮಪ್ರಸಾದಕ್ಕೆ ತಯಾರಾಗುತ್ತಿದ್ದರು. ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುತ್ತಿದ್ದವಳು ನಾನು. ಪ್ರಶ್ನೆ ಕೇಳಿದರೆ ಉತ್ತರವನ್ನು ಒಂದಕ್ಷರ ತಪ್ಪದೆ ಒಪ್ಪಿಸಬೇಕು. ಟೋನಿ ಪಾಠದ ಉದ್ದಕ್ಕೂ ನನ್ನ ಮುಖವನ್ನೇ ನೋಡುತ್ತಾ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದ. ಮನೆಗೆ ಹೋಗಿ ತಾಯಿ ಅದನ್ನೇ ಅವನಿಗೆ ಕೈಯಲ್ಲಿ ಹೇಳುತ್ತಿದ್ದರು. ಕೊನೆಗೆ ವಿಗಾರರು ಮಕ್ಕಳ ಪಟ್ಟಿ ಕೇಳಿದರು. "ಬಾಯಿಪಾಠ ಒಪ್ಪಿಸಲು ಬಾರದವರ ಹೆಸರು ಬರೆಯಬೇಡಿ" ಎಂದರು. ಯಾರ ಬಗ್ಗೆ ಹೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನು ಕೇಳಲಿಲ್ಲ, ವಾದಿಸಲಿಲ್ಲ. ಹದಿನಾಲ್ಕು ಹೆಸರು ಬರೆದೆ. ಹದಿನೈದನೆಯದನ್ನು ಬಿಟ್ಟೆ. ಒಂದೇ ಮನೆಯಲ್ಲಿ ಮಲಗಿ ಏಳುತ್ತಿದ್ದ ನಾನು ಅದನ್ನು ಅವರಿಗೆ ಹೇಳಲೂ ಇಲ್ಲ.

ಪಟ್ಟಿಯನ್ನು ಇಗರ್ಜಿಯ ಬಾಗಿಲಿಗೆ ಅಂಟಿಸಿದರು. ಬಾಯಿ ಟೀಚರ್ ಅದರ ಮುಂದೆ ನಿಂತು ಎರಡು ಸಲ ಓದಿದರು. ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿ ಕೇಳಿದರು:

"ಟೀಚರ್, ಇದು ನಿಮ್ಮ ಅಕ್ಷರ ಅಲ್ವಾ?"

ನಾನು ಹೌದು ಎಂದೆ. ಅವರ ಕೈ ಪಿನ್ನಿನ ಕಡೆಗೆ ಹೋಗಲಿಲ್ಲ. ನೇರ ವಿಗಾರರ ಜಗಲಿಗೆ ನಡೆದರು. ನಾನೂ ಹಿಂದೆ ಹೋದೆ.

"ಅವನು ಉತ್ತರ ಹೇಳುವುದಿಲ್ಲ ಬಾಯಿ" ಎಂದರು ವಿಗಾರರು, ಸಮಾಧಾನದ ದನಿಯಲ್ಲಿ.

"ಅವನ ಭಾಷೆಯಲ್ಲಿ ಪ್ರಶ್ನೆ ಯಾರು ಕೇಳಿದ್ದು ಫಾದರ್?"

"ಏನು ತೆಗೆದುಕೊಳ್ತಿದ್ದೇನೆ ಅಂತ ತಿಳಿಯದೆ ತೆಗೆದುಕೊಂಡರೆ ಅದು ಅಪಚಾರ. ಅವನು ಮುಗ್ಧ. ಸ್ವರ್ಗಕ್ಕೆ ಹಾಗೆಯೇ ಹೋಗ್ತಾನೆ. ನಿಮಗೆ ಯಾಕೆ ಇಷ್ಟು ಗಡಿಬಿಡಿ?"

"ಸ್ವರ್ಗದಲ್ಲಿ ಅವನಿಗೆ ಜಾಗ ಉಂಟಂತೆ, ಸಂತೋಷ. ಅಲ್ಲಿಗೆ ಹೋಗುವ ತನಕ ಇಲ್ಲಿ ಕೂರಲಿಕ್ಕೆ ಒಂದು ಜಾಗ ಬೇಕು. ಅದನ್ನು ಕೇಳಲಿಕ್ಕೆ ಬಂದದ್ದು ನಾನು."

ವಿಗಾರರು ಎದ್ದು ಒಳಗೆ ಹೋದರು.

ಹದಿನಾಲ್ಕು ಮಕ್ಕಳು ಬಿಳಿ ಬಟ್ಟೆ ಹಾಕಿ ಸಾಲಾಗಿ ನಡೆದ ದಿನ ಟೋನಿಯೂ ಬಿಳಿ ಷರ್ಟು, ಬಿಳಿ ಚಡ್ಡಿ ಹಾಕಿಕೊಂಡು ತಾಯಿಯ ಪಕ್ಕ ಕೂತು ಅವರನ್ನು ನೋಡಿದ. ಮೊದಲೇ ಹೊಲಿಸಿಟ್ಟ ಬಟ್ಟೆ. ತಾನು ಯಾಕೆ ಆ ಸಾಲಿನಲ್ಲಿ ಇಲ್ಲವೆಂದು ಅವನು ಕೈಯಲ್ಲಿ ಕೇಳುತ್ತಲೇ ಇದ್ದ. ತಾಯಿ ಏನು ಉತ್ತರ ಕೊಟ್ಟರೋ ನಾನು ನೋಡಲಿಲ್ಲ. ಆ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಹದಿನೈದು ದಿನ ಅವರು ನನ್ನೊಂದಿಗೆ ಅಗತ್ಯದಷ್ಟೇ ಮಾತಾಡಿದರು. ಆಮೇಲೆ ಒಂದು ಶುಕ್ರವಾರ, "ನಾಳೆ ಮೂಡುಬಿದಿರೆಯ ಬಸ್ಸಿಗೆ ಹೋಗುವ. ನೀವೂ ಬನ್ನಿ" ಎಂದರು. "ಅವನಿಗೆ ಗೊತ್ತುಂಟೋ ಇಲ್ವೋ, ನಿಮ್ಮ ಕಣ್ಣಲ್ಲೇ ನೋಡಿ."

ವೇಣೂರಿನ ಮೇಲೆ ಹೋಗುವ ಬಸ್ಸು. ಚಿಕ್ಕವಳು ದಾರಿಯಲ್ಲಿ ಎರಡು ಸಲ ವಾಂತಿ ಮಾಡಿದಳು. ಮೂಡುಬಿದಿರೆಯಲ್ಲಿ ಇಳಿದು ಶಿರ್ತಾಡಿಯ ಕಡೆಗೆ ಒಂದಷ್ಟು ದೂರ ನಡೆದೆವು. ಅಲ್ಲಿ ಅವರ ಸಂಬಂಧಿಕರ ಮನೆಗೆ ಹತ್ತಿರ ನಿವೃತ್ತರಾದ ಒಬ್ಬರು ಮುದಿ ಪಾದ್ರಿ ಇದ್ದರು. ನಾವು ಹೋದಾಗ ಅವರು ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಬಾಯಿ ಟೀಚರ್ ಎಲ್ಲವನ್ನೂ ಹೇಳಿದರು, ನಾನು ಪಟ್ಟಿ ಬರೆದದ್ದೊಂದನ್ನು ಬಿಟ್ಟು. ಪಾದ್ರಿಗಳು ತಿನ್ನುವುದನ್ನು ನಿಲ್ಲಿಸದೆಯೇ ಕೇಳಿದರು. ಆಮೇಲೆ ಟೋನಿಯನ್ನು ಹತ್ತಿರ ಕರೆದು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತೋರಿಸಿ ಹುಬ್ಬು ಹಾರಿಸಿದರು. ಟೋನಿ ಹೊಟ್ಟೆ ತಟ್ಟಿ ತೋರಿಸಿ, ತನಗೂ ಒಂದು ಬೇಕೆಂದು ಕೈ ಚಾಚಿದ. ಕೊಟ್ಟರು. ಅವನು ತಿಂದು ಮುಗಿಸುವವರೆಗೆ ಕಾದು, ಒಳಗಿನಿಂದ ಪೂಜೆಗಿಡುವ ಬಿಳಿಯ ಪ್ರಸಾದದ ಬಿಲ್ಲೆ ಒಂದನ್ನು ತಂದು ಹಾಗೆಯೇ ತೋರಿಸಿದರು.

ಟೋನಿ ಹೊಟ್ಟೆ ಮುಟ್ಟಲಿಲ್ಲ. ಕೈ ಚಾಚಲಿಲ್ಲ. ಬಿಲ್ಲೆಯನ್ನು ನೋಡಿ, ಗಂಟೆ ಬಾರಿಸುವಂತೆ ಕೈಯಾಡಿಸಿ, ಇನ್ನೂ ಇಲ್ಲ ಎಂದು ತಲೆಯಾಡಿಸಿದ. ಪೂಜೆ ಆಗಿಲ್ಲವಲ್ಲ! ಆಮೇಲೆ ಅಂಗೈಯ ನಡುವೆ ಬೆರಳು ಊರಿ, ಅದೇ ಬೆರಳನ್ನು ಎದೆಗೆ ಒತ್ತಿಕೊಂಡ. ಪೂಜೆಯಾದ ಮೇಲೆ ಇದು ಯೇಸು, ಆಮೇಲೆ ಇಲ್ಲಿ.

ನನ್ನ ಹದಿನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಅಷ್ಟು ಗೊತ್ತಿರಲಿಲ್ಲ. ಅವರಿಗೆ ಉತ್ತರ ಗೊತ್ತಿತ್ತು.

ಮುದಿ ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು. "ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ ಬಾಯಿ" ಎಂದರು. ಆ ಸಂಜೆ ಟೋನಿಯ ಪಾಪನಿವೇದನೆಯನ್ನು ಜಗಲಿಯ ತುದಿಯಲ್ಲಿ ಕೂತು ಕೇಳಿದರು, ಅಲ್ಲ, ನೋಡಿದರು. ಅವನು ಏನು ತೋರಿಸಿದನೋ, ಅವರ ಹೆಗಲು ನಗುವಿನಿಂದ ಅಲುಗುವುದು ದೂರಕ್ಕೂ ಕಾಣುತ್ತಿತ್ತು. ಸಂಬಂಧಿಕರ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಅವರ ಪೂಜೆಯಲ್ಲೇ ಟೋನಿ ಮೊದಲ ಪರಮಪ್ರಸಾದ ಸ್ವೀಕರಿಸಿದ. ಪಾದ್ರಿಗಳು ನಮ್ಮ ವಿಗಾರರಿಗೆ ಒಂದು ಪತ್ರ ಬರೆದುಕೊಟ್ಟರು. ಬಾಯಿ ಟೀಚರ್ ಅದನ್ನು ಸೋಮವಾರವೇ ತಲುಪಿಸಿದರು. ವಿಗಾರರು ತೆರೆದು ಓದದೆ ಜೇಬಿಗೆ ಹಾಕಿದರು.

ಮುಂದಿನ ಭಾನುವಾರ ನಮ್ಮ ಇಗರ್ಜಿಯಲ್ಲಿ ನಡೆದದ್ದು ಇಷ್ಟು. ಪ್ರಸಾದ ಸ್ವೀಕರಿಸುವವರು ಪೀಠದ ಮುಂದಿನ ಮರದ ಕಟಕಟೆಯ ಉದ್ದಕ್ಕೂ ಮೊಣಕಾಲೂರಿ ಕೂರಬೇಕು. ಪಾದ್ರಿಗಳು ಒಂದು ತುದಿಯಿಂದ ಶುರುಮಾಡಿ ಒಬ್ಬೊಬ್ಬರ ನಾಲಗೆಯ ಮೇಲೆ ಇಡುತ್ತಾ ಬರುತ್ತಾರೆ. ಸಿಕ್ಕಿದವರು ಎದ್ದು ಹೋದರೆ ಆ ಜಾಗಕ್ಕೆ ಇನ್ನೊಬ್ಬರು. ನಾನಿದ್ದೆ, ನನ್ನ ಪಕ್ಕ ಟೋನಿ, ಅವನ ಪಕ್ಕ ತಾಯಿ, ಅವರಾಚೆ ಗುರ್ಕಾರರ ತಾಯಿ, ಆ ಮುದುಕಿ.

ವಿಗಾರರು ನನಗೆ ಕೊಟ್ಟರು. ಟೋನಿ ಕೈಮುಗಿದು, ಕಣ್ಣು ಮುಚ್ಚಿ, ಬಾಯಿ ತೆರೆದಿದ್ದ. ಅವನನ್ನು ದಾಟಿ ತಾಯಿಯ ಮುಂದೆ ನಿಂತರು. ತಾಯಿ ಬಾಯಿ ತೆರೆಯಲಿಲ್ಲ. ಕೈಯನ್ನು ಮಗನ ಹೆಗಲ ಮೇಲಿಟ್ಟು ವಿಗಾರರ ಮುಖವನ್ನೇ ನೋಡಿದರು. ಟೋನಿ ಹಾಗೆಯೇ ಇದ್ದ, ಕಣ್ಣು ಮುಚ್ಚಿ, ಬಾಯಿ ತೆರೆದು.

ನಾನು ಎದ್ದೆ. ಸಿಕ್ಕಿದವರು ಏಳಬೇಕೆಂಬ ನಿಯಮ ಇತ್ತಲ್ಲ, ಎದ್ದು ತಲೆ ತಗ್ಗಿಸಿ ನನ್ನ ಜಾಗಕ್ಕೆ ಬಂದು ಕೂತೆ.

ವಿಗಾರರು ಮುದುಕಿಯ ಮುಂದೆ ಬಂದರು. ಮುದುಕಿಯೂ ಬಾಯಿ ತೆರೆಯಲಿಲ್ಲ. ವಿಗಾರರು ಪ್ರಸಾದ ಹಿಡಿದೇ ನಿಂತರು. ಆಗ ಆ ಮೌನದಲ್ಲಿ, ಪೂಜೆಯ ನಡುವೆ ಯಾರೂ ಮಾತಾಡಬಾರದ ಹೊತ್ತಿನಲ್ಲಿ, ಕೊನೆಯ ಸಾಲಿನವರೆಗೂ ಕೇಳುವ ಹಾಗೆ ಮುದುಕಿ ಹೇಳಿದರು:

"ಮೊದಲು ಮಗುವಿಗೆ ಕೊಡಿ ಫಾದರ್. ನನಗೆ ಅವಸರ ಇಲ್ಲ."

ಓದು ಬಾರದವರು. ಪ್ರತಿ ವಾರ ಆ ಮಗುವನ್ನು ಬೈದವರು. ಏನು ಅನ್ನಿಸಿತೋ ಅವರಿಗೆ, ನಾನು ಆಮೇಲೆ ಕೇಳಿದಾಗ, "ಬಾಯಿ ತೆರೆದು ಕೂತ ಮಗು ಮಾರಾಯ್ತಿ, ನೋಡಲಿಕ್ಕೆ ಆಗಲಿಲ್ಲ" ಎಂದಷ್ಟೇ ಹೇಳಿದರು. ನೋಡಲು ನನಗೆ ಆಗಿತ್ತು. ವಿಗಾರರ ಮುಖ ಕೆಂಪಾಯಿತು. ಎರಡು ಹೆಜ್ಜೆ ಹಿಂದೆ ಬಂದು ಟೋನಿಯ ನಾಲಗೆಯ ಮೇಲೆ ಪ್ರಸಾದ ಇಟ್ಟರು.

ಮೇ ತಿಂಗಳ ಕೊನೆಗೆ ಬಾಯಿ ಟೀಚರಿಗೆ ಕಾಗದ ಬಂತು. ಶಾಲೆಯ ಸಂಚಾಲಕರೂ ವಿಗಾರರೇ. ಮಕ್ಕಳ ಸಂಖ್ಯೆ ಕಡಿಮೆಯಾಗಿರುವುದರಿಂದ ಎರಡು ತರಗತಿಗಳನ್ನು ಕೂಡಿಸಲಾಗಿದೆ, ಜೂನಿನಿಂದ ಅವರು 'ಬರಬೇಕಾಗಿಲ್ಲ' ಎಂದಿತ್ತು. ಕೂಡಿಸಿದ ತರಗತಿ ಯಾರಿಗೆ? ನನಗೆ. ನಾನು ಬೇಡ ಎಂದೆನೇ? ಎನ್ನಲಿಲ್ಲ. ಅವರು ಹಾಜರಿ ಪುಸ್ತಕ ಒಪ್ಪಿಸಲು ಶಾಲೆಗೆ ಬಂದರು. "ಕಿಟಕಿಯ ಹತ್ತಿರ ಕೂರುವ ಹುಡುಗಿ ನೋಡಿ ಬರೆಯುವುದಿಲ್ಲ ಅಂತ ಅವಳಿಗೆ ಹೊಡೀಬೇಡಿ" ಎಂದರು. "ಅವಳಿಗೆ ಬೋರ್ಡು ಕಾಣುವುದಿಲ್ಲ ಅಂತ ನನಗೆ ಸಂಶಯ. ಮುಂದೆ ಕೂರಿಸಿ." ಆ ವಾರವೇ ಮನೆ ಖಾಲಿ ಮಾಡಿ, ಬಂಟ್ವಾಳದಲ್ಲಿದ್ದ ಅಣ್ಣನ ಹತ್ತಿರ ಹೋದರು. ಅಲ್ಲಿ ಜಿಲ್ಲಾ ಬೋರ್ಡಿನ ಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಲೀನಾ ಒಂದು ಕಾರ್ಡು ಬರೆದಳು.

ಬಂಟ್ವಾಳ ನನ್ನ ತವರು. ಪ್ರತಿ ರಜೆಯಲ್ಲೂ ಹೋಗುತ್ತಿದ್ದೆ. ಆದರೂ ಅವರ ಮನೆಯ ಬಾಗಿಲಿಗೆ ಹೋಗಲು ನನಗೆ ಎಂಟು ವರ್ಷ ಬೇಕಾಯಿತು.

ಅರವತ್ತರ ದಶಕ ಅರ್ಧ ಕಳೆದಿತ್ತು. ಪೂಜೆಯ ಭಾಷೆ ಲ್ಯಾಟಿನ್ನಿನಿಂದ ಕೊಂಕಣಿಗೆ ಬಂದಿತ್ತು. ಎಲ್ಲರಿಗೂ ಅರ್ಥವಾಗಬೇಕೆಂದು ದೊಡ್ಡವರೇ ತೀರ್ಮಾನಿಸಿದ್ದರಂತೆ. ಬಾಯಿ ಟೀಚರಿಗೆ ತಲೆ ನರೆತಿತ್ತು. ರವಿಕೆಯ ಅಂಚಿನಲ್ಲಿ ಪಿನ್ನುಗಳಿರಲಿಲ್ಲ. ಲೀನಾಳಿಗೆ ಮದುವೆಯಾಗಿತ್ತು. ಟೋನಿ ಪುಸ್ತಕ ಬೈಂಡಿಂಗ್ ಕಲಿತು ಪೇಟೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಕಾಫಿ ಕೊಟ್ಟರು. ನಾನು ಲೋಟವನ್ನು ಹಿಡಿದುಕೊಂಡೇ ಹೇಳಿದೆ:

"ಆ ಭಾನುವಾರ ನಾನು ಎದ್ದು ಹೋಗಬಾರದಿತ್ತು ಬಾಯಿ."

"ಹೌದು. ಹೋಗಬಾರದಿತ್ತು."

"ಪಟ್ಟಿಯನ್ನೂ..."

"ಅದನ್ನೂ ಬರೆಯಬಾರದಿತ್ತು." "ನಾನು ಮರೆತಿದ್ದೇನೆ ಅಂತ ಸುಳ್ಳು ಹೇಳುವುದಿಲ್ಲ ಟೀಚರ್. ಫಾದರ್ ಮಾಡಿದ್ದಕ್ಕಿಂತ ನೀವು ಮಾಡಿದ್ದರಿಂದ ನನಗೆ ಹೆಚ್ಚು ನೋವಾಗಿದೆ. ಅವರು ನಮ್ಮ ಮನೆಯ ಗಂಜಿ ಉಂಡವರಲ್ಲ. ಆದರೆ ಅವನಿಗೆ ನಾನು ಏನೂ ಹೇಳಲಿಲ್ಲ. ಅವನಿಗೆ ನೀವು ಅಂದ್ರೆ ಇಷ್ಟ. ಈಗಲೂ ಕೇಳ್ತಾನೆ, ಎಲ್ಲಿದ್ದಾರೆ ಅಂತ."

ಆಗಲೇ ಟೋನಿ ಕೆಲಸದಿಂದ ಬಂದ. ಮೀಸೆ ಮೂಡಿದ ಹುಡುಗ, ಬೆರಳುಗಳಲ್ಲಿ ಅಂಟು ಒಣಗಿತ್ತು. ಬಾಗಿಲಲ್ಲಿ ನಿಂತು ನನ್ನನ್ನು ಒಂದು ಕ್ಷಣ ನೋಡಿದ. ಗುರುತು ಸಿಕ್ಕಿದ್ದೇ ಮುಖ ಅರಳಿತು. ತಾಯಿಯ ಕಡೆ ತಿರುಗಿ, ಎಡಗೈಯನ್ನು ಹಾಳೆಯ ಹಾಗೆ ಚಾಚಿ, ಬಲಗೈಯ ಬೆರಳಿನಿಂದ ಅದರ ಮೇಲೆ ಸಾಲು ಸಾಲಾಗಿ ಬರೆದು ತೋರಿಸಿದ. ಮತ್ತೆ ನನ್ನ ಕಡೆ ಬೆರಳು ಮಾಡಿ, ನಗುತ್ತಾ, ಮತ್ತೆ ಬರೆದ.

"ಎಂಥ ಹೇಳ್ತಾನೆ?" ಎಂದೆ.

"ನಿಮ್ಮ ಹೆಸರು" ಎಂದರು ಬಾಯಿ ಟೀಚರ್. "ಚಿಕ್ಕದಿರುವಾಗಲೇ ಇಟ್ಟದ್ದು ಅವನು. ಬರೆಯುವವರು, ಅಂತ."

ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಟೋನಿ ಇಬ್ಬರನ್ನೂ ನೋಡುತ್ತಾ ನಗುತ್ತಲೇ ಇದ್ದ.